ದೇವರಿದ್ದಾನೆಂದು ನಂಬುವುದು, ದೇವರನ್ನು ನಂಬುವುದು

ನನ್ನ ತಂದೆಯವರು ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಕಳೆಯುತ್ತಿದ್ದಾಗ ನನ್ನ ಬಹುಕಾಲದ ಗೆಳತಿಯೊಬ್ಬಳು ಪ್ರತಿ ಸಂಜೆ ಬಂದು ಅವರ ಹಾಸಿಗೆಯ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತು ಪ್ರಾರ್ಥಿಸುತ್ತಿದ್ದಳು. ನಾನು ದೇವರನ್ನು ನಂಬುವವನಲ್ಲ. ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ತಡೆಯಲಾಗದೆ ಕೇಳಿಬಿಟ್ಟೆ: "ನೀನು ಬೇಡಿಕೊಂಡರೆ ಅವರ ಶ್ವಾಸಕೋಶ ಸರಿಹೋಗುತ್ತದೆಯೇ?" ಅವಳು ಸಿಟ್ಟಾಗಲಿಲ್ಲ. "ನಾನು ಏನನ್ನೂ ಬೇಡುತ್ತಿಲ್ಲ. ವೈದ್ಯರು ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೇನೆ. ಅವರು ಹೋಗುವುದನ್ನು ನೋಡುತ್ತಾ ಇರುವ ಶಕ್ತಿ ನನ್ನೊಬ್ಬಳಿಗೆ ಸಾಲದು. ಅದಕ್ಕೆ ಕುಳಿತಿದ್ದೇನೆ" ಎಂದಳು.

ಇಪ್ಪತ್ತು ವರ್ಷಗಳ ಸ್ನೇಹ ನಮ್ಮದು. ಅಷ್ಟೂ ವರ್ಷ ಅವಳ ಪ್ರಾರ್ಥನೆ ಎಂದರೆ ಬೇಡಿಕೆಗಳ ಪಟ್ಟಿ ಎಂದೇ ನಾನು ತಿಳಿದಿದ್ದೆ. ಹಾಗೆಂದು ಅವಳು ಎಂದೂ ಹೇಳಿರಲಿಲ್ಲ. ನಾನೂ ಎಂದೂ ಕೇಳಿರಲಿಲ್ಲ.

ತಂದೆ ತೀರಿಕೊಂಡ ಮೇಲೆ ಹಿರಿಯ ಬಂಧುವೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಇನ್ನಾದರೂ ದೇವರ ಮೇಲಿನ ಕೋಪ ಬಿಡಪ್ಪ" ಎಂದರು. ಪ್ರೀತಿಯಿಂದಲೇ ಹೇಳಿದರು. ಆದರೆ ನನಗೆ ದೇವರ ಮೇಲೆ ಕೋಪ ಎಂದೂ ಇರಲಿಲ್ಲ. ಇದ್ದಾನೆ ಎಂದೇ ಅನಿಸದವನ ಮೇಲೆ ಕೋಪಿಸಿಕೊಳ್ಳುವುದು ಹೇಗೆ? ಗೆಳತಿಗೆ ನಾನು ಮಾಡಿದ್ದನ್ನೇ ಅವರು ನನಗೆ ಮಾಡಿದ್ದರು. ಮಾಡಿಸಿಕೊಂಡಾಗ ಎಷ್ಟು ನೋಯುತ್ತದೆ ಎಂಬುದು ಆ ದಿನ ಗೊತ್ತಾಯಿತು.

ಆಸ್ತಿಕ-ನಾಸ್ತಿಕರ ಈ ಜಗಳದ ಬಗೆಯನ್ನು ಗಮನಿಸಿ ನೋಡಿ. ನಾಸ್ತಿಕ ಎಂದರೆ ಅಹಂಕಾರಿ, ಇಲ್ಲವೇ ಬದುಕಿನಲ್ಲಿ ಪೆಟ್ಟು ತಿಂದವನು, ಇಲ್ಲವೇ ಯಾರ ಅಂಕೆಯೂ ಬೇಡವೆಂದು ಮನಬಂದಂತೆ ಬದುಕಲು ಹೊರಟವನು. ಆಸ್ತಿಕ ಎಂದರೆ ಪುಕ್ಕಲ, ಇಲ್ಲವೇ ಓದಿಲ್ಲದವನು, ಇಲ್ಲವೇ ಓದಿಯೂ ಬುದ್ಧಿ ಬಾರದವನು. ಇವು ಯಾವುವೂ ಎದುರಿನವರ ಮಾತಿಗೆ ಕೊಟ್ಟ ಉತ್ತರಗಳಲ್ಲ. ಅವರ ಮನಸ್ಸಿಗೆ ನಾವು ಹಚ್ಚಿದ ರೋಗದ ಹೆಸರುಗಳು. ರೋಗಿ ಎಂದು ಒಮ್ಮೆ ತೀರ್ಮಾನಿಸಿಬಿಟ್ಟರೆ ಅವರ ಮಾತನ್ನು ಕೇಳುವ ಗೊಡವೆಯೇ ಇಲ್ಲ, ಲಕ್ಷಣಗಳನ್ನು ಗುರುತು ಹಾಕಿಕೊಂಡರೆ ಸಾಕು.

ನನ್ನ ತಪ್ಪು ಎಲ್ಲಿತ್ತು ಎಂದು ಆಮೇಲೆ ಬಹಳ ಯೋಚಿಸಿದೆ. ಉತ್ತರದ ಎಳೆ ನಮ್ಮ ಭಾಷೆಯಲ್ಲೇ ಸಿಕ್ಕಿತು. ‘ದೇವರಿದ್ದಾನೆ ಎಂದು ನಂಬುತ್ತೇನೆ’ ಎನ್ನುತ್ತೇವೆ. ‘ದೇವರನ್ನು ನಂಬುತ್ತೇನೆ’ ಎಂದೂ ಎನ್ನುತ್ತೇವೆ. ಕ್ರಿಯಾಪದ ಒಂದೇ, ಸಂಗತಿ ಎರಡು. ಮೊದಲನೆಯದು ಲೋಕದಲ್ಲಿ ಏನಿದೆ, ಏನಿಲ್ಲ ಎಂಬುದರ ಕುರಿತ ಹೇಳಿಕೆ. ಅದು ಸರಿಯಾಗಿರಬಹುದು, ತಪ್ಪಾಗಿರಬಹುದು, ಅದಕ್ಕೆ ಸಾಕ್ಷ್ಯ ಕೇಳಬಹುದು. ಎರಡನೆಯದು ‘ನನ್ನ ತಾಯಿಯನ್ನು ನಂಬುತ್ತೇನೆ’ ಎನ್ನುವ ಜಾತಿಯ ಮಾತು. ತಾಯಿ ಇದ್ದಾಳೆಯೇ ಇಲ್ಲವೇ ಎಂಬುದು ಅಲ್ಲಿನ ವಿಷಯವಲ್ಲ. ಭಾರ ಹಾಕುವುದು, ನೆಚ್ಚುವುದು, ಬಿದ್ದರೆ ಹಿಡಿಯುತ್ತಾರೆ ಎಂಬ ಧೈರ್ಯ ಅಲ್ಲಿನ ವಿಷಯ. ನಾಸ್ತಿಕರಾದ ನಾವು ಮೊದಲನೆಯದನ್ನು ಖಂಡಿಸಿ, ಎರಡನೆಯದನ್ನೂ ಮುಗಿಸಿದೆವು ಎಂದುಕೊಳ್ಳುತ್ತೇವೆ. ಗೆಳತಿ ಎರಡನೆಯದರ ಒಳಗೆ ಕುಳಿತಿದ್ದಳು. ನಾನು ಮೊದಲನೆಯದರ ಬಾಗಿಲು ತಟ್ಟುತ್ತಿದ್ದೆ.

ಇಷ್ಟು ಹೇಳಿದ ಮೇಲೂ, ಎರಡನೆಯದರ ಅಡಿಯಲ್ಲಿ ಮೊದಲನೆಯದು ಇದ್ದೇ ಇರುತ್ತದೆ ಎಂದು ನಾನು ಈಗಲೂ ವಾದಿಸುತ್ತೇನೆ. ಇಲ್ಲದವರ ಮೇಲೆ ಭಾರ ಹಾಕಲಾಗದು. ಸಾಕ್ಷ್ಯ ಕೇಳುವ ಹಕ್ಕನ್ನು ನಾನು ಬಿಟ್ಟುಕೊಟ್ಟಿಲ್ಲ. ಕೇಳುವಾಗ ಎದುರಿನವರು ಯಾವ ಮಾತನ್ನು ಆಡಿದ್ದಾರೆ ಎಂಬುದು ಗೊತ್ತಿರಬೇಕು, ಅಷ್ಟೆ.

ನಮ್ಮ ಕಡೆಯ ಮಾತಿಗೂ ಇದೇ ಗತಿ. ‘ದೇವರಿದ್ದಾನೆಂದು ನಾನು ನಂಬುವುದಿಲ್ಲ’ ಎಂದರೆ ‘ದೇವರಿಲ್ಲವೆಂದು ನನಗೆ ಖಚಿತವಾಗಿ ಗೊತ್ತು’ ಎಂದು ಕೇಳಿಸಿಕೊಳ್ಳುತ್ತಾರೆ. ಮೊದಲನೆಯದು ನನ್ನಲ್ಲಿ ಒಂದು ನಂಬಿಕೆ ಮೂಡಿಲ್ಲ ಎನ್ನುತ್ತದೆ. ಎರಡನೆಯದು ಇಡೀ ವಿಶ್ವವನ್ನು ಜಾಲಾಡಿ ಬಂದವನ ಮಾತು. ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ 1869ರಲ್ಲಿ ‘ಅಗ್ನಾಸ್ಟಿಕ್’ ಎಂಬ ಪದವನ್ನು ಹುಟ್ಟುಹಾಕಿದರು, ‘ತಿಳಿಯದು’ ಎನ್ನುವವರಿಗೂ ಒಂದು ಹೆಸರಿರಲಿ ಎಂದು. ಯುದ್ಧವಿರೋಧಿ ಬರಹಕ್ಕಾಗಿ 1918ರಲ್ಲಿ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಜೈಲಿಗೆ ಹೋದಾಗ ಬಾಗಿಲಲ್ಲಿದ್ದ ಕಾವಲುಗಾರ ಅವರ ಧರ್ಮ ಯಾವುದೆಂದು ಕೇಳಿದ. ಅವರು ‘ಅಗ್ನಾಸ್ಟಿಕ್’ ಎಂದರು. ಕಾವಲುಗಾರ ನಿಟ್ಟುಸಿರಿಟ್ಟು, ಧರ್ಮಗಳು ಬಹಳ ಇವೆ, ಎಲ್ಲವೂ ಪೂಜಿಸುವುದು ಒಬ್ಬನೇ ದೇವರನ್ನು ಇರಬೇಕು ಎಂದನಂತೆ. ಆ ಮಾತು ತಮ್ಮನ್ನು ಒಂದು ವಾರ ಗೆಲುವಾಗಿಟ್ಟಿತು ಎಂದು ರಸೆಲ್ ಮುಂದೆ ಬರೆದುಕೊಂಡರು. ನನಗೆ ಆ ಕಾವಲುಗಾರನ ಮೇಲೆ ಗೌರವವಿದೆ. ಅವನಿಗೆ ಪದದ ಅರ್ಥ ತಿಳಿಯಲಿಲ್ಲ. ಆದರೂ ಕೈದಿಯನ್ನು ಅವನು ಹೊರಗಿನವನನ್ನಾಗಿ ಮಾಡಲಿಲ್ಲ.

ಇನ್ನು ‘ಆಸ್ತಿಕ’, ‘ನಾಸ್ತಿಕ’ ಎಂಬ ಪದಗಳನ್ನೇ ತೆಗೆದುಕೊಳ್ಳಿ. ಇಂದು ಇವುಗಳ ನಡುವಿನ ಗೆರೆ ದೇವರು. ಹಿಂದೆ ಹಾಗಿರಲಿಲ್ಲ. ದರ್ಶನಗಳ ವಿಂಗಡಣೆಯಲ್ಲಿ ವೇದದ ಪ್ರಾಮಾಣ್ಯವನ್ನು ಒಪ್ಪಿದವರು ಆಸ್ತಿಕರು, ಒಪ್ಪದವರು ನಾಸ್ತಿಕರು. ವೇದದ ವಿಧಿಗಳನ್ನು ವಿಚಾರಿಸುವ ಪೂರ್ವಮೀಮಾಂಸೆ ಎಂಬ ದರ್ಶನದ ಮಹಾಪಂಡಿತ ಕುಮಾರಿಲ ಭಟ್ಟ ವೇದದ ಪರವಾಗಿ ಅಷ್ಟು ಗಟ್ಟಿಯಾಗಿ ವಾದಿಸಿದವನು. ಅವನೇ, ಜಗತ್ತನ್ನು ಸೃಷ್ಟಿಸಿದ ಕರ್ತನೊಬ್ಬ ಇರಲಾರ ಎಂದೂ ಅಷ್ಟೇ ಗಟ್ಟಿಯಾಗಿ ವಾದಿಸಿದ. ಸೃಷ್ಟಿಸುವ ಅಗತ್ಯ ಆ ಕರ್ತನಿಗೆ ಏನಿತ್ತು, ಇಷ್ಟೊಂದು ದುಃಖವಿರುವ ಲೋಕವನ್ನು ಏಕೆ ಸೃಷ್ಟಿಸಿದ ಎಂದು ಕೇಳಿದ. ಇಂದಿನ ಲೆಕ್ಕದಲ್ಲಿ ಅವನು ಯಾವ ಕಡೆ? ಎರಡೇ ಪೆಟ್ಟಿಗೆಗಳನ್ನಿಟ್ಟುಕೊಂಡು ಹೊರಟರೆ ಇಂಥವನನ್ನು ಹಾಕಲು ಜಾಗವೇ ಸಿಗುವುದಿಲ್ಲ.

ಅದಕ್ಕಿಂತ ನನ್ನನ್ನು ಕಾಡುವುದು ದೇವರನ್ನೂ ಪರಲೋಕವನ್ನೂ ಒಪ್ಪದ ಚಾರ್ವಾಕರ ಕಥೆ. ‘ಸಾಲ ಮಾಡಿಯಾದರೂ ತುಪ್ಪ ತಿನ್ನು’ ಎಂಬುದು ಅವರ ಸಿದ್ಧಾಂತ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಚಾರ್ವಾಕರ ಮೂಲ ಗ್ರಂಥಗಳು ನಮಗೆ ಉಳಿದಿಲ್ಲ. ನಮಗೆ ಸಿಕ್ಕಿರುವುದು ಬಹುಮಟ್ಟಿಗೆ ಅವರನ್ನು ಖಂಡಿಸಿದವರು ಉದ್ಧರಿಸಿದ ಚೂರುಗಳು. ತುಪ್ಪದ ಮಾತು ಪ್ರಸಿದ್ಧವಾದದ್ದು 14ನೇ ಶತಮಾನದ ಒಂದು ದರ್ಶನಸಂಗ್ರಹದಿಂದ. ಅದೇ ಶ್ಲೋಕದ ಹಿಂದಿನ ಉಲ್ಲೇಖಗಳಲ್ಲಿ ಸಾಲವೂ ಇಲ್ಲ, ತುಪ್ಪವೂ ಇಲ್ಲ. ಬದುಕಿರುವಷ್ಟು ಕಾಲ ಸುಖವಾಗಿ ಬದುಕು, ಸಾವಿಗೆ ಸಿಗದದ್ದು ಯಾವುದೂ ಇಲ್ಲ ಎಂದಷ್ಟೇ ಇದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ಒಂದರಲ್ಲಿ ಸಾವಿನ ಎದುರು ನಿಂತ ಮನುಷ್ಯನ ಗಂಭೀರವಾದ ದನಿಯಿದೆ. ಇನ್ನೊಂದರಲ್ಲಿ ಸಾಲಗಾರನಾದ ಹೊಟ್ಟೆಬಾಕನಿದ್ದಾನೆ. ಒಂದು ಚಿಂತನೆಯ ಪರಂಪರೆ ಶತಮಾನಗಳ ಕಾಲ ಆ ಹೊಟ್ಟೆಬಾಕನ ಮುಖ ಹೊತ್ತು ಬದುಕಬೇಕಾಯಿತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗೆಂದು ಆ ಕಾಲದ ವಾದಪದ್ಧತಿಯನ್ನು ಹಳಿಯಲಾರೆ. ‘ಪೂರ್ವಪಕ್ಷ’ ಎಂಬ ಮಾತು ನಮಗೆ ಬಂದದ್ದೇ ಅದರಿಂದ. ನಿನ್ನ ಸಿದ್ಧಾಂತವನ್ನು ಹೇಳುವ ಮೊದಲು ಎದುರಾಳಿಯ ಪಕ್ಷವನ್ನು ಅವನ ಕಾರಣಗಳ ಸಹಿತ ಮುಂದಿಡಬೇಕು. ಬೇರೆ ಕಡೆಯೂ ಇದು ಇತ್ತು. 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವೈನಾಸ್, ದೇವರಿದ್ದಾನೆ ಎಂದು ಸಾಧಿಸುವ ಮೊದಲು ಇಲ್ಲ ಎನ್ನಲು ಇರುವ ಎರಡು ಕಾರಣಗಳನ್ನು ಬರೆದಿಟ್ಟರು: ಅನಂತವಾದ ಒಳಿತು ಇದ್ದಿದ್ದರೆ ಕೆಡುಕು ಉಳಿಯುತ್ತಲೇ ಇರಲಿಲ್ಲ, ಆದರೆ ಕೆಡುಕು ಇದೆ; ಪ್ರಕೃತಿ ಮತ್ತು ಮನುಷ್ಯನ ಇಚ್ಛೆಯಿಂದಲೇ ಎಲ್ಲವನ್ನೂ ವಿವರಿಸಬಹುದಾದರೆ ದೇವರ ಅಗತ್ಯವಿಲ್ಲ. ಏಳು ನೂರು ವರ್ಷಗಳ ನಂತರವೂ ನನ್ನಂಥವರ ಮುಖ್ಯ ವಾದಗಳು ಇವೇ ಎರಡು. ನನ್ನ ಪಕ್ಷವನ್ನು ಇಷ್ಟು ಚುಟುಕಾಗಿ, ಇಷ್ಟು ನ್ಯಾಯವಾಗಿ ಹೇಳಿದವರು ಒಬ್ಬ ಸಂನ್ಯಾಸಿ.

ನಾಸ್ತಿಕರಾದ ನಮ್ಮವರು ಹೀಗೆ ಮಾಡುವುದು ಅಪರೂಪ ಎಂದು ನಾನು ಒಪ್ಪಿಕೊಳ್ಳಬೇಕು. ಧರ್ಮ ಜನರ ಅಫೀಮು ಎಂಬ ಮಾರ್ಕ್ಸ್‌ನ ಮಾತನ್ನು ಎಷ್ಟು ಸಲ ಎಸೆದಿದ್ದೇವೆ! 1844ರಲ್ಲಿ ಅಚ್ಚಾದ ಆ ಬರಹದಲ್ಲಿ ಅದಕ್ಕೆ ತುಸು ಮುಂಚೆಯೇ, ಧರ್ಮವು ನೊಂದ ಜೀವಿಯ ನಿಟ್ಟುಸಿರು, ಹೃದಯವಿಲ್ಲದ ಲೋಕದ ಹೃದಯ ಎಂದಿದೆ. ಅಫೀಮನ್ನು ಆ ಕಾಲದಲ್ಲಿ ನೋವು ಶಮನದ ಔಷಧವಾಗಿಯೂ ಕೊಡುತ್ತಿದ್ದರು. ನಿಟ್ಟುಸಿರನ್ನು ಬಿಟ್ಟು ಅಫೀಮನ್ನು ಮಾತ್ರ ಎತ್ತಿಕೊಂಡೆವು. ಹಾಗೆಯೇ, ವಿಜ್ಞಾನ ಇನ್ನೂ ವಿವರಿಸದ ಸಂದುಗಳಲ್ಲಿ ದೇವರನ್ನು ತುರುಕುವುದೇ ಆಸ್ತಿಕರ ಕೆಲಸ ಎನ್ನುತ್ತೇವೆ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಜಾರ್ಜ್ ಲೆಮೈತ್ರ್ ಕ್ಯಾಥೊಲಿಕ್ ಪಾದ್ರಿ. ಅದರಿಂದ ಬೆಳೆದ, ವಿಶ್ವಕ್ಕೆ ಒಂದು ಆರಂಭವಿತ್ತೆಂಬ ಸಿದ್ಧಾಂತ ಸೃಷ್ಟಿಕರ್ತನನ್ನು ಸಮರ್ಥಿಸುತ್ತದೆ ಎಂಬ ಧಾಟಿಯಲ್ಲಿ 1951ರಲ್ಲಿ ಪೋಪ್ ಮಾತನಾಡಿದಾಗ ಅದು ಲೆಮೈತ್ರ್ ಅವರಿಗೆ ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಧಾರ್ಮಿಕ ಪ್ರಶ್ನೆಗಳಿಂದ ಹೊರಗೇ ನಿಲ್ಲುತ್ತದೆ ಎಂಬುದು ಅವರ ನಿಲುವಾಗಿತ್ತು. ಆಸ್ತಿಕರಿಗೆ ಅನುಮಾನವೇ ಬಾರದು ಎನ್ನುವವರು 2007ರಲ್ಲಿ ಪ್ರಕಟವಾದ ಮದರ್ ತೆರೆಸಾ ಅವರ ಪತ್ರಗಳನ್ನು ಓದಬೇಕು. ದಶಕಗಳ ಕಾಲ ಒಳಗೆ ದೇವರ ಸುಳಿವೇ ಇಲ್ಲದ ಕತ್ತಲೆಯನ್ನು ಅವರು ಬರೆದುಕೊಂಡಿದ್ದಾರೆ.

ಯಾರು ಹೆಚ್ಚು ರಕ್ತ ಹರಿಸಿದರು ಎಂಬ ವಾದಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ನಮ್ಮವರಲ್ಲಿನ ಸಂತನನ್ನು ಅವರಲ್ಲಿನ ಕಟುಕನ ಎದುರು ತಕ್ಕಡಿಗೆ ಹಾಕುವ ಆಟ ಅದು. ಒಂದು ಮಾತನ್ನು ಮಾತ್ರ ಹೇಳಲೇಬೇಕು. 1931ರಲ್ಲಿ ಸೋವಿಯತ್ ಸರ್ಕಾರ ಮಾಸ್ಕೋದ ದೊಡ್ಡ ಚರ್ಚನ್ನು ಸ್ಫೋಟಿಸಿ ಕೆಡವಿತು. ಇಂದಿಗೂ ಹಲವು ದೇಶಗಳ ಕಾನೂನು ಧರ್ಮ ಬಿಟ್ಟವರನ್ನು ಶಿಕ್ಷಿಸುತ್ತದೆ. ಇಂಥವು ನಡೆಯುವ ಮೊದಲು ಎದುರಿನವರ ಒಂದು ಸುಲಭ ಚಿತ್ರ ತಯಾರಾಗಿರುತ್ತದೆ: ಅವರು ಮೂಢರು, ಅವರು ದ್ರೋಹಿಗಳು. ಮನೆಯ ಹರಟೆಯಲ್ಲಿ ನಾವು ಬರೆಯುವ ಚಿತ್ರ ಅದೇ ಎಂದು ನಾನು ಹೇಳುತ್ತಿಲ್ಲ. ಗೆರೆಗಳು ಮಾತ್ರ ಅವೇ.

ಕಳೆದ ತಿಂಗಳು ನಾನೂ ಗೆಳತಿಯೂ ಒಂದು ಪ್ರಯೋಗಕ್ಕೆ ಕುಳಿತೆವು. ನನ್ನ ಪಕ್ಷವನ್ನು ಅವಳು ಹೇಳಬೇಕು, ಅವಳದನ್ನು ನಾನು. ಒಪ್ಪಿಗೆಯಾಗುವವರೆಗೆ ಯಾರೂ ವಾದಕ್ಕೆ ಇಳಿಯುವಂತಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನಿನಗೆ ಸಿಕ್ಕಿರುವ ಕಾರಣಗಳು ಸಾಲುತ್ತಿಲ್ಲ. ಸಾಲದಿದ್ದರೂ ದುಃಖದ ಹೊತ್ತಿನಲ್ಲಿ ನಂಬಿಬಿಟ್ಟರೆ ನಿನ್ನ ತಂದೆಯ ಎದುರು ಸುಳ್ಳು ನುಡಿದಂತೆ ಆಗುತ್ತದೆ ಎಂದು ನಿನಗನಿಸುತ್ತದೆ." ನನಗೆ ಗಂಟಲು ಕಟ್ಟಿತು. ನಾನೇ ಅದನ್ನು ಅಷ್ಟು ಸರಿಯಾಗಿ ಎಂದೂ ಹೇಳಿಕೊಂಡಿರಲಿಲ್ಲ.

ನನ್ನ ಸರದಿ ಬಂದಾಗ ಹತ್ತು ನಿಮಿಷ ಮಾತನಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ನೆಮ್ಮದಿ ಎಂಬ ಮಾತನ್ನು ನಾಲ್ಕು ಸಲ ಆಡಿದೆ" ಎಂದಳು. "ನನ್ನ ನಂಬಿಕೆಯಿಂದ ನನಗೆ ನೆಮ್ಮದಿ ಸಿಕ್ಕಿದ್ದು ಕಡಿಮೆ. ಸಿಕ್ಕಿದ್ದು ಕೆಲಸ. ಕ್ಷಮಿಸಬೇಕು, ಹೋಗಿ ನೋಡಿಕೊಳ್ಳಬೇಕು, ಬೇಡವೆನಿಸಿದವರ ಪಕ್ಕದಲ್ಲೂ ಕೂರಬೇಕು. ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದೆ. ಇನ್ನೂ ಸರಿಯಾಗಿಲ್ಲ ಎಂದಳು. ಮುಂದಿನ ವಾರ ಮತ್ತೆ ಕೂರುತ್ತಿದ್ದೇವೆ.