ಪಾಪು ಜೊತೆ ನಮ್ಮ ಮೊದಲ ಚಳಿಗಾಲದ ಪಾರ್ಟಿ

ನಮಸ್ಕಾರ ಎಲ್ರಿಗೂ! ಪಾಪು ಹುಟ್ಟಿದ್ಮೇಲೆ ಇದು ನಮ್ಮ ಮೊದಲನೇ ಚಳಿಗಾಲ. ಮುಂಚೆಯೆಲ್ಲ ನಮ್ಮ ಗ್ಯಾಂಗ್ ಸೇರ್ತಿದ್ದಿದ್ದು ರಾತ್ರಿ ಒಂಬತ್ತರ ಮೇಲೆ. ಈ ಸಲ ನಾಲ್ಕು ಗಂಟೆಗೇ ಬನ್ರಪ್ಪಾ ಅಂತ ಕರೆದ್ವಿ. ಮಧ್ಯಾಹ್ನದ ನಿದ್ದೆ ಮುಗ್ಸಿ ಪಾಪು ಖುಷಿಯಾಗಿ ಆಡೋ ಹೊತ್ತು ಅದು. ಹೇಗೂ ಚಳಿಗಾಲದಲ್ಲಿ ಬೇಗ ಕತ್ತಲಾಗತ್ತೆ, ದೀಪ ಹಾಕಿದ್ರೆ ಸಂಜೇನೇ ರಾತ್ರಿ ಅನ್ಸತ್ತೆ.

ನೋಡಿ, ಬಂದವರೆಲ್ಲ ಮೊದಲು ಹೋಗಿದ್ದು ಸಿಂಕ್ ಹತ್ರ. ಸೋಪು ಹಚ್ಚಿ 20 ಸೆಕೆಂಡ್ ಕೈ ತೊಳೆದ ಮೇಲೇನೇ ಪಾಪುನ ಎತ್ಕೊಂಡಿದ್ದು. ಒಬ್ಬ ಗೆಳತಿ, ನೆಗಡಿ ಶುರುವಾಗಿದೆ ಕಣೇ, ನಾನು ಬರಲ್ಲ ಅಂತ ತಾನಾಗೇ ಹೇಳಿ ವಿಡಿಯೋ ಕಾಲಲ್ಲಿ ಸೇರ್ಕೊಂಡ್ಲು. ನಿಜ ಹೇಳ್ಬೇಕಂದ್ರೆ ಅವಳ ಮೇಲೆ ಪ್ರೀತಿ ಉಕ್ಕಿ ಬಂತು. ದೊಡ್ಡೋರಿಗೆ ಬರೀ ನೆಗಡಿ ತರೋ ಆರ್‌ಎಸ್‌ವಿ ಥರದ ವೈರಸ್, ಎಳೆ ಮಕ್ಕಳಿಗೆ ಉಸಿರಾಟದ ತೊಂದರೆ ಕೊಡಬಹುದು. ಅದನ್ನ ಬಾಯಿಬಿಟ್ಟು ಹೇಳೋಕೆ ಹೊಸ ಅಪ್ಪ ಅಮ್ಮಂದಿರಿಗೆ ಎಷ್ಟು ಸಂಕೋಚ ಆಗತ್ತೆ ಗೊತ್ತಾ?

ಸರಿ, ಊಟಕ್ಕೆ ಬರೋಣ. ಕುಂಬಳಕಾಯಿ, ಕ್ಯಾರೆಟ್, ಬೆಳ್ಳುಳ್ಳಿಗೆ ಎಣ್ಣೆ ಸವರಿ ಓವನ್ನಲ್ಲಿ ಅಂಚು ಕೆಂಪಗಾಗೋವರೆಗೂ ಬಿಟ್ವಿ. ನೀರಲ್ಲಿ ಬೇಯ್ಸೋದಕ್ಕಿಂತ ಇದಕ್ಕೆ ಸಿಹಿ ಜಾಸ್ತಿ. ಆಮೇಲೆ ನುಣ್ಣಗೆ ರುಬ್ಬಿ ಸೂಪ್ ಮಾಡಿ, ಉಪ್ಪು ಬೀಳೋ ಮುಂಚೆನೇ ಪಾಪು ಪಾಲನ್ನ ಬೇರೆ ಬಟ್ಟಲಿಗೆ ತೆಗೆದ್ವಿ. ಒಂದು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ 1 ಗ್ರಾಂ ಉಪ್ಪೂ ದಾಟಬಾರದು. ಉಳಿದಿದ್ದಕ್ಕೆ ಬೆಣ್ಣೆ, ಕಾಳುಮೆಣಸು, ಪಕ್ಕದಲ್ಲಿ ಗರಿಗರಿ ಬ್ರೆಡ್ಡು. ಮೊದಲನೇ ಚಮಚಕ್ಕೆ ಪಾಪು ಹುಬ್ಬು ಗಂಟಿಕ್ಕಿದ್ದು ನೋಡಿ! ಮೂರನೇದಕ್ಕೆ ಚಮಚ ಬಟ್ಟಲು ಬಿಡೋ ಮುಂಚೆನೇ ಬಾಯಿ ತೆಗ್ದಾಯ್ತು. ಒಂದೇ ಪಾತ್ರೆ ಸೂಪನ್ನ ನಾವೆಲ್ಲರೂ ಪಾಪು ಜೊತೆ ಕೂತು ಕುಡಿದ್ವಲ್ಲ, ಇಡೀ ಸಂಜೇಲಿ ನನಗೆ ತುಂಬ ಇಷ್ಟವಾಗಿದ್ದು ಅದು.

ಕುಡಿಯೋಕೆ ಹಾಟ್ ಚಾಕೊಲೇಟ್, ಶುಂಠಿ ನಿಂಬೆ ಹಾಕಿದ ಬಿಸಿನೀರು. ಜೇನುತುಪ್ಪ ಬೇಕಾದವರು ಅವರವರ ಕಪ್ಪಿಗೇ ಹಾಕ್ಕೊಂಡ್ರು. ಜೇನಲ್ಲಿರಬಹುದಾದ ಬಾಟುಲಿಸಂ ಅನ್ನೋ ಗಂಭೀರ ಕಾಯಿಲೆ ತರೋ ಬ್ಯಾಕ್ಟೀರಿಯಾದ ಬೀಜಕಣಗಳು ಮನೇಲಿ ಕುದಿಸಿದ್ರೂ ಸಾಯಲ್ಲ. ವರ್ಷ ತುಂಬೋವರೆಗೂ ಪಾಪುಗೆ ಒಂದು ತೊಟ್ಟೂ ಬೇಡ. ಒಬ್ರು ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ ಹಾಕಿ ವೈನ್ ಕಾಯ್ಸಿದ್ರು. ಅದೇ ಮಸಾಲೆ ಹಾಕಿ ನನಗೋಸ್ಕರ ಸೇಬಿನ ಜ್ಯೂಸ್ ಬೇರೆ ಕಾಯ್ಸಿದ್ರು. ಹಾಲೂಡಿಸೋ ಅಮ್ಮ ಒಂದು ಗ್ಲಾಸ್ ವೈನ್ ಕುಡಿದ್ರೆ ಮುಂದಿನ ಫೀಡ್‌ಗೆ ಕನಿಷ್ಠ 2 ಗಂಟೆ ಕಾಯ್ಬೇಕು ಅಂತಾರೆ. ಹಾಲು ಹಿಂಡಿ ಚೆಲ್ಲಿದ್ರೆ ಆಲ್ಕೋಹಾಲ್ ಬೇಗ ಇಳಿಯತ್ತೆ ಅನ್ನೋದು ಸುಳ್ಳು, ರಕ್ತದಲ್ಲಿ ಇಳಿದಾಗಲೇ ಹಾಲಲ್ಲೂ ಇಳಿಯೋದು. ನಮ್ಮ ಪಾಪು ಯಾವಾಗ ಕೇಳತ್ತೋ ಹೇಳೋಕಾಗಲ್ಲ, ಅದಕ್ಕೇ ನನಗೆ ಜ್ಯೂಸೇ ಸರಿ.

ಮನೆಯ ನಿಯಮ ಒಂದೇ: ಕೈಯಲ್ಲಿ ಬಿಸಿ ಕಪ್ ಇದ್ರೆ ಪಾಪುನ ಎತ್ಕೊಳ್ಳೋ ಹಾಗಿಲ್ಲ. ಮಾಡಿ 15 ನಿಮಿಷ ಆದ ಟೀ ಕೂಡ ಮಗುವಿನ ಚರ್ಮ ಸುಡಬಹುದು. ತೆವಳೋ ಕೈಗೆ ಸಿಗದಿರ್ಲಿ ಅಂತ ಟೇಬಲ್ ಬಟ್ಟೇನೂ ತೆಗೆದಿಟ್ವಿ.

ಏಳಕ್ಕೆ ಇವ್ರು ಪಾಪುನ ಮಲಗಿಸಿ ಬಂದ್ರು. ಟೋಪಿ ಇಲ್ಲ, ಸಡಿಲ ಹೊದಿಕೆ ಇಲ್ಲ, ಸ್ಲೀಪಿಂಗ್ ಬ್ಯಾಗ್ ಒಂದೇ. ಕೈಕಾಲು ತಣ್ಣಗಿದ್ರೂ ಪರವಾಗಿಲ್ಲ, ಕತ್ತಿನ ಹಿಂದೆ ಮುಟ್ಟಿ ಬೆಚ್ಚಗಿದ್ಯಾ ಅಂತ ನೋಡಿದ್ರೆ ಸಾಕು.

ಆಮೇಲೆ ಡಂಬ್ ಶರಾಡ್ಸ್! ಮಗು ಮಲಗಿರೋ ಮನೆಗೆ ಇದಕ್ಕಿಂತ ಒಳ್ಳೇ ಆಟ ಇಲ್ಲ. ಗೆದ್ದೋರು ಶಬ್ದ ಇಲ್ದೆ ಕುಣಿದ್ರು, ಸೋತೋರು ದಿಂಬಿಗೆ ಮುಖ ಒತ್ಕೊಂಡು ನಕ್ರು. ಒಂಬತ್ತಕ್ಕೆಲ್ಲ ಅವರೇ ಪಾತ್ರೆ ತೊಳೆದಿಟ್ಟು ಹೊರಟ್ರು.

ಮುಂದಿನ ಸಲ ಆ ನೆಗಡಿ ಗೆಳತಿ ಮನೇಲಿ, ಅವಳು ವಾಸಿಯಾದ್ಮೇಲೆ. ಟೈಮ್ ಅವಳೇ ಹೇಳಿದ್ಲು: ಸಂಜೆ ನಾಲ್ಕು.