ಎಫೆಸದ ಸಭೆ ಎದುರಿಸಿ ನಿಂತ ಬಗೆ

ಪ್ರಿಯ ಶ್ರೋತೃಗಳೇ, ನಮ್ಮ ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ನಿಮ್ಮೆಲ್ಲರಿಗೂ ವಂದನೆಗಳು.

ಅಪೊಸ್ತಲನಾದ ಪೌಲನು ಎಫೆಸದ ಸಭೆಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ, 11ರಿಂದ 14ನೆಯ ವಚನದವರೆಗೆ, ನಿಲ್ಲುವುದು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಸೈತಾನನ ತಂತ್ರೋಪಾಯಗಳನ್ನು ಎದುರಿಸಿ ನಿಲ್ಲಬೇಕು, ಮಾಡಬೇಕಾದದ್ದನ್ನೆಲ್ಲ ಮಾಡಿ ಮುಗಿಸಿದ ಮೇಲೂ ನಿಂತೇ ಇರಬೇಕು, ಆದಕಾರಣ ದೃಢವಾಗಿ ನಿಲ್ಲಿರಿ ಎಂದು ಅವನು ಬರೆಯುತ್ತಾನೆ. ಯುದ್ಧದ ಮಾತೆತ್ತಿದವನು ಮುನ್ನುಗ್ಗಿರಿ ಎಂದೋ ಊರು ಗೆಲ್ಲಿರಿ ಎಂದೋ ಹೇಳಬಹುದಿತ್ತು. ಹಾಗೆ ಹೇಳಲಿಲ್ಲ. ಗೆಲುವು ಕ್ರಿಸ್ತನ ಶಿಲುಬೆಯಲ್ಲಿ ಮತ್ತು ಪುನರುತ್ಥಾನದಲ್ಲಿ ಆಗಿಹೋಗಿದೆ ಎಂಬುದನ್ನು ಅದೇ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ಅವನು ಬರೆದು ಮುಗಿಸಿದ್ದಾನೆ. ಆ ಗೆಲುವಿನ ನೆಲದಿಂದ ಕದಲದೆ ಇರುವುದಷ್ಟೇ ಸಭೆಯ ಪಾಲಿಗೆ ಉಳಿದ ಕೆಲಸ. ಆದರೆ ಆ ಕೆಲಸ ಎಷ್ಟು ಕಷ್ಟದ್ದು ಎಂಬುದನ್ನು ತಿಳಿಯಬೇಕಾದರೆ, ಈ ಮಾತನ್ನು ಮೊದಲು ಕೇಳಿಸಿಕೊಂಡವರು ಯಾವ ಊರಿನಲ್ಲಿ ಬಾಳುತ್ತಿದ್ದರು ಎಂಬುದನ್ನು ನೋಡಬೇಕು.

ಎಫೆಸವು ಇಂದಿನ ಟರ್ಕಿ ದೇಶದ ಪಶ್ಚಿಮ ಕರಾವಳಿಯ ಕಡೆಗೆ, ಸೆಲ್ಚುಕ್ ಎಂಬ ಪಟ್ಟಣದ ಪಕ್ಕದಲ್ಲಿ, ಈಗ ಪಾಳುಬಿದ್ದಿರುವ ನಗರ. ಆ ಕಾಲದಲ್ಲಿ ಅದು ರೋಮನ್ನರ ಆಸ್ಯ ಸೀಮೆಯ ದೊಡ್ಡ ಬಂದರು. ಲೋಕದ ಏಳು ಅದ್ಭುತಗಳಲ್ಲಿ ಒಂದೆಂದು ಎಣಿಸಲ್ಪಟ್ಟಿದ್ದ ಅರ್ತೆಮೀ ದೇವಿಯ ಗುಡಿ ಅಲ್ಲಿತ್ತು. ಊರಿನ ವ್ಯಾಪಾರ, ಹಬ್ಬ, ಹಣಕಾಸು, ಹೆಮ್ಮೆ ಎಲ್ಲವೂ ಆ ಗುಡಿಯ ಸುತ್ತ ಬೆಳೆದಿದ್ದವು. ಜೊತೆಗೆ ಮಂತ್ರ, ತಾಯಿತ, ಕಟ್ಟು, ಬಿಡುಗಡೆ ಇವುಗಳಿಗೂ ಆ ಊರು ಹೆಸರಾಗಿತ್ತು; ಎಫೆಸದ ಅಕ್ಷರಗಳೆಂದೇ ಕರೆಯಲಾಗುತ್ತಿದ್ದ ಮಂತ್ರಶಬ್ದಗಳನ್ನು ಜನರು ಬರೆದು ಮೈಮೇಲೆ ಧರಿಸುತ್ತಿದ್ದರು. ಯಾರೋ ಏನೋ ಮಾಡಿಸಿಟ್ಟಿದ್ದಾರೆ, ಅದಕ್ಕೇ ಮನೆಯಲ್ಲಿ ಹೀಗಾಗುತ್ತಿದೆ ಎಂಬ ಅಂಜಿಕೆ ಎಂಥದ್ದೆಂಬುದನ್ನು ನಮ್ಮ ಕನ್ನಡನಾಡಿನ ಹಳ್ಳಿಗಳಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಂಥ ಊರಿನಲ್ಲಿ ಪೌಲನು ಮೂರು ತಿಂಗಳು ಯೆಹೂದ್ಯರ ಸಭಾಮಂದಿರದಲ್ಲಿಯೂ, ಆಮೇಲೆ ಎರಡು ವರ್ಷ ತುರನ್ನನೆಂಬವನ ತರ್ಕಶಾಲೆಯಲ್ಲಿಯೂ ದಿನಾಲು ಬೋಧಿಸಿದನು. ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯವು ಆ ದಿನಗಳ ಎರಡು ಘಟನೆಗಳನ್ನು ವಿವರವಾಗಿ ಹೇಳುತ್ತದೆ. ಮಂತ್ರವಾದ ನಡೆಸುತ್ತಿದ್ದ ಅನೇಕರು ನಂಬಿಕೆಗೆ ಬಂದು, ತಮ್ಮ ಮಂತ್ರದ ಪುಸ್ತಕಗಳನ್ನು ತಾವೇ ತಂದು ಎಲ್ಲರ ಮುಂದೆ ಸುಟ್ಟುಬಿಟ್ಟರು. ಲೆಕ್ಕ ಹಾಕಿದಾಗ ಅವುಗಳ ಕ್ರಯವು 50,000 ಬೆಳ್ಳಿ ನಾಣ್ಯಗಳಷ್ಟಾಯಿತು. ಅಂಥ ಒಂದು ನಾಣ್ಯವು ಕೂಲಿಯಾಳಿನ ಸುಮಾರು ಒಂದು ದಿನದ ಸಂಬಳ. ಆ ಪುಸ್ತಕಗಳನ್ನು ಮಾರಿದ್ದರೆ ಆ ಮನೆಗಳು ಉದ್ಧಾರವಾಗುತ್ತಿದ್ದವೇನೋ. ತಾವು ಬಿಟ್ಟ ಅಂಜಿಕೆಯನ್ನು ಇನ್ನೊಬ್ಬರಿಗೆ ಮಾರಲು ಅವರಿಗೆ ಮನಸ್ಸು ಬರಲಿಲ್ಲ. ಇನ್ನೊಬ್ಬರ ಪುಸ್ತಕವನ್ನು ಕಸಿದು ಸುಡಲೂ ಅವರು ಹೋಗಲಿಲ್ಲ ಎಂಬುದನ್ನು ಗಮನಿಸಬೇಕು, ಸುಟ್ಟದ್ದು ತಮ್ಮದನ್ನೇ.

ಎರಡನೆಯದು, ಅರ್ತೆಮೀ ಗುಡಿಯ ಚಿಕ್ಕ ಬೆಳ್ಳಿಯ ಮಾದರಿಗಳನ್ನು ಮಾಡಿ ಮಾರುತ್ತಿದ್ದ ದೇಮೇತ್ರಿಯನೆಂಬ ಅಕ್ಕಸಾಲಿಗನು, ಪೌಲನ ಬೋಧನೆಯಿಂದ ಕಸಬು ಕೆಡುವುದೆಂದು ತನ್ನ ಕಸಬಿನವರನ್ನು ಕೂಡಿಸಿ ಎಬ್ಬಿಸಿದ ಗಲಭೆ. ಜನರು ಪೌಲನ ಇಬ್ಬರು ಸಂಗಡಿಗರನ್ನು ಹಿಡಿದೆಳೆದುಕೊಂಡು ನಾಟಕಶಾಲೆಗೆ ನುಗ್ಗಿದರು. ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ, ಸುಮಾರು 25,000 ಜನ ಹಿಡಿಸುವ ಆ ಕಲ್ಲಿನ ನಾಟಕಶಾಲೆ ಇಂದಿಗೂ ಉಳಿದಿದೆ. ಅಲ್ಲಿ ಜನರು ಎರಡು ತಾಸು ಒಂದೇ ಘೋಷಣೆಯನ್ನು ಕೂಗುತ್ತಲೇ ಇದ್ದರು. ಕೊನೆಗೆ ಪಟ್ಟಣದ ಅಧಿಕಾರಿಯೊಬ್ಬನು ಎದ್ದು ಅವರನ್ನು ಸುಮ್ಮನಾಗಿಸಿ, ಈ ಮನುಷ್ಯರು ಗುಡಿಯನ್ನು ದೋಚಿದವರಲ್ಲ, ನಮ್ಮ ದೇವಿಯನ್ನು ನಿಂದಿಸಿದವರೂ ಅಲ್ಲ ಎಂದು ಹೇಳಿದನು. ಈ ಸಾಕ್ಷಿಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಎರಡು ಮೂರು ವರ್ಷ ಕ್ರಿಸ್ತನೊಬ್ಬನನ್ನೇ ಧೈರ್ಯದಿಂದ ಸಾರಿದವರ ಬಾಯಲ್ಲಿ ನೆರೆಯವರ ದೇವರ ಬಗ್ಗೆ ಒಂದು ಹೊಲಸು ಮಾತೂ ಬಂದಿರಲಿಲ್ಲವೆಂದು ಅವರ ನಂಬಿಕೆಗೆ ಸೇರದ ಅಧಿಕಾರಿಯೇ ತುಂಬಿದ ಸಭೆಯಲ್ಲಿ ಒಪ್ಪಿಕೊಂಡನು.

ಇದೆಲ್ಲ ಆಗಿ ಕೆಲವು ವರ್ಷಗಳ ಮೇಲೆ, ಸೆರೆಯಲ್ಲಿದ್ದ ಪೌಲನು ಅವರಿಗೆ ಬರೆಯುತ್ತಾ, ನಮ್ಮ ಹೋರಾಟವು ರಕ್ತಮಾಂಸದ ಮನುಷ್ಯರ ಸಂಗಡ ಅಲ್ಲವೆಂದು ಸ್ಪಷ್ಟವಾಗಿ ಹೇಳುತ್ತಾನೆ. ಯಾರಿಗೆ ಹೇಳುತ್ತಿದ್ದಾನೆ? ನಾಟಕಶಾಲೆಯಲ್ಲಿ ಕೂಗಿದ ನೆರೆಯವರ ಮುಖಗಳನ್ನು ದಿನಾಲು ಬೀದಿಯಲ್ಲಿ ಕಾಣುತ್ತಿದ್ದವರಿಗೆ. ಆ ಮುಖಗಳು ನಿಮ್ಮ ವೈರಿಗಳಲ್ಲ ಎಂದು ಅವನು ಹೇಳುತ್ತಿದ್ದಾನೆ. ನಮ್ಮಲ್ಲಿ ಆತ್ಮಿಕ ಹೋರಾಟದ ಬಗ್ಗೆ ಮಾತಾಡುವವರು ಈ ವಚನವನ್ನು ಜೋರಾಗಿ ಓದಿ, ಮರುಗಳಿಗೆಯಲ್ಲಿಯೇ ಯಾರೋ ಒಬ್ಬ ಮನುಷ್ಯನ ಕಡೆಗೆ ಬೆರಳು ತೋರಿಸುವುದನ್ನು ನಾನು ಕಂಡಿದ್ದೇನೆ. ಒಂದು ಸಭೆಯಲ್ಲಿ, ಆವರಣದ ಗೋಡೆಯ ಲೆಕ್ಕಪತ್ರದ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, ಒಬ್ಬ ಹಿರಿಯರು ಇನ್ನೊಬ್ಬ ಹಿರಿಯರನ್ನು ಸೈತಾನನ ಆಳು ಎಂದು ಕರೆದರು. ಅಂದಿನಿಂದ ಆ ಎರಡು ಕುಟುಂಬಗಳು ಕರ್ತನ ಭೋಜನದ ದಿನವೂ ಬೇರೆ ಬೇರೆ ಬದಿಯ ಬೆಂಚುಗಳಲ್ಲಿ ಕುಳಿತುಕೊಳ್ಳತೊಡಗಿದವು. ಅಂದು ಸೈತಾನನು ಅಲ್ಲಿಗೆ ಬಂದದ್ದು ನಿಜ. ಆದರೆ ಹಿರಿಯರು ಬೆರಳು ತೋರಿಸಿದ ಕಡೆ ಅವನು ಇರಲಿಲ್ಲ.

ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಸೈತಾನನನ್ನು ಹೆಸರಿಟ್ಟು ಎಚ್ಚರಿಸುವ ಇನ್ನೊಂದು ಜಾಗವಿದೆ. ನಾಲ್ಕನೆಯ ಅಧ್ಯಾಯದ 26 ಮತ್ತು 27ನೆಯ ವಚನಗಳು. ಅಲ್ಲಿ ಮಂತ್ರವಾದದ ಸುದ್ದಿಯಿಲ್ಲ, ಗುಡಿಯ ಸುದ್ದಿಯಿಲ್ಲ. ಸೂರ್ಯನು ಮುಳುಗುವುದಕ್ಕಿಂತ ಮುಂಚೆ ನಿಮ್ಮ ಕೋಪವು ತೀರಲಿ, ಸೈತಾನನಿಗೆ ಅವಕಾಶ ಕೊಡಬೇಡಿರಿ ಎಂದಿದೆ. ಇಲ್ಲಿ ಅವಕಾಶ ಎಂದರೆ ಮೂಲ ಭಾಷೆಯಲ್ಲಿ ಜಾಗ ಎಂದೇ ಅರ್ಥ. ರಾತ್ರಿ ಕಳೆದು ಬೆಳಗಿನವರೆಗೆ ಮನೆಯಲ್ಲಿ ಇಟ್ಟುಕೊಂಡ ಕೋಪವು ವೈರಿಗೆ ಹಾಸಿಕೊಟ್ಟ ಜಾಗ.

ಗದಗ-ಬೆಟಗೇರಿ ಕಡೆಯವರಾದ ನಮ್ಮ ಅಜ್ಜಿಗೆ ಓದು ಬರೆಹ ಅಷ್ಟಕ್ಕಷ್ಟೆ. ಈ ವಚನ ಮಾತ್ರ ಅವರಿಗೆ ಬಾಯಿಪಾಠವಾಗಿತ್ತು. ಪಕ್ಕದ ಮನೆಯಲ್ಲಿಯೇ ಇದ್ದ ಓರಗಿತ್ತಿಯ ಸಂಗಡ ನೀರಿನ ಸರದಿಗೋ ಮಕ್ಕಳ ಜಗಳಕ್ಕೋ ಮಾತು ಕೆಟ್ಟಿದ್ದರೆ, ಮಗ್ಗದ ಸದ್ದು ನಿಲ್ಲುವ ಸಂಜೆಯ ಹೊತ್ತಿಗೆ ಅಜ್ಜಿ ಚಡಪಡಿಸತೊಡಗುತ್ತಿದ್ದರು. ಪಡುವಣ ಕಿಟಕಿಯ ಹತ್ತಿರ ಹೋಗಿ ಬಿಸಿಲು ಗೋಡೆಯ ಮೇಲೆ ಎಷ್ಟು ಏರಿದೆ ಎಂದು ನೋಡುವರು, ತಿರುಗಿ ಒಲೆಯ ಮುಂದೆ ಬರುವರು, ಮತ್ತೆ ಹೋಗಿ ನೋಡುವರು. ಕಡೆಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಟು ಪಕ್ಕದ ಮನೆಯ ಬಾಗಿಲು ಬಡಿದು, “ಅಕ್ಕಾ, ಹೊತ್ತ ಮುಳಗಾಕ ಹತ್ತೇತಿ, ಬಾಗಲಾ ತಗಿ” ಎನ್ನುತ್ತಿದ್ದರು. ತಪ್ಪು ಯಾರದು ಎಂಬ ಮಾತನ್ನು ಆ ಹೊತ್ತಿನಲ್ಲಿ ಅವರು ಎತ್ತಿದ್ದನ್ನು ನಾನು ಕೇಳಿಲ್ಲ. ಆತ್ಮಿಕ ಹೋರಾಟ ಎಂಬ ಶಬ್ದವೂ ಅವರ ಬಾಯಲ್ಲಿ ಬಂದದ್ದಿಲ್ಲ. ಆದರೂ ಆ ಬಾಗಿಲಿಗೆ ಹೋಗುವ ಹತ್ತು ಹೆಜ್ಜೆಗಳಲ್ಲಿ ಅವರು ಎಷ್ಟು ದೊಡ್ಡ ವೈರಿಯ ಎದುರು ನಡೆದರು ಎಂಬುದು ನನಗೆ ಈಗ ತಿಳಿಯುತ್ತದೆ.

ಇನ್ನು ಆರನೆಯ ಅಧ್ಯಾಯದಲ್ಲಿ ಪೌಲನು ಧರಿಸಿಕೊಳ್ಳಿರಿ ಎನ್ನುವ ಸರ್ವಾಯುಧಗಳ ವಿಷಯ. ಸತ್ಯವೆಂಬ ನಡುಕಟ್ಟು, ನೀತಿಯೆಂಬ ಕವಚ, ಸಮಾಧಾನದ ಸುವಾರ್ತೆಗೆ ಸಿದ್ಧವಾದ ಮನಸ್ಸೆಂಬ ಕೆರ, ನಂಬಿಕೆಯೆಂಬ ಗುರಾಣಿ, ರಕ್ಷಣೆಯೆಂಬ ಶಿರಸ್ತ್ರಾಣ, ದೇವರ ವಾಕ್ಯವೆಂಬ ಕತ್ತಿ. ಇವುಗಳನ್ನು ನೀವು ಅನೇಕ ಸಾರಿ ಕೇಳಿದ್ದೀರಿ, ಒಂದೊಂದನ್ನೂ ಇಂದು ವಿವರಿಸುವುದಿಲ್ಲ. ಈ ಕವಚವನ್ನೂ ಶಿರಸ್ತ್ರಾಣವನ್ನೂ ಮೊದಲು ಧರಿಸಿದವನು ದೇವರೇ ಎಂಬುದನ್ನು ಮಾತ್ರ ನೆನಪಿಗೆ ತರುತ್ತೇನೆ. ನ್ಯಾಯಕ್ಕಾಗಿ ನಿಲ್ಲುವವನು ಒಬ್ಬನೂ ಇಲ್ಲದ್ದನ್ನು ಕಂಡು ಯೆಹೋವನು ತಾನೇ ಅವುಗಳನ್ನು ಧರಿಸಿಕೊಂಡನೆಂದು ಯೆಶಾಯನು ತನ್ನ 59ನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ನಿಮ್ಮ ಬಲದಿಂದ ಒಂದು ಆಯುಧವನ್ನು ಮಾಡಿಕೊಳ್ಳಿರಿ ಎಂದು ಪೌಲನು ಬಳಲಿದ ವಿಶ್ವಾಸಿಗೆ ಹೇಳುವುದಿಲ್ಲ. ತಂದೆಯ ಉಡುಪನ್ನು ಮಕ್ಕಳಿಗೆ ತೊಡಿಸುತ್ತಿದ್ದಾನೆ.

ಗುರಾಣಿಯ ಬಳಿ ಸ್ವಲ್ಪ ನಿಲ್ಲೋಣ. ಪೌಲನು ಬಳಸಿದ ಗ್ರೀಕ್ ಶಬ್ದವು ಬಾಗಿಲು ಎಂಬ ಶಬ್ದದಿಂದ ಹುಟ್ಟಿದ್ದು. ರೋಮನ್ ಸಿಪಾಯಿಯ ಗುರಾಣಿಯು ಸುಮಾರು ಎರಡೂವರೆ ಅಡಿ ಅಗಲ, ನಾಲ್ಕು ಅಡಿ ಎತ್ತರದ್ದಾಗಿತ್ತು. ಹಲಗೆಗಳನ್ನು ಅಂಟಿಸಿ, ಮೇಲೆ ಬಟ್ಟೆಯನ್ನೂ ಅದರ ಮೇಲೆ ಕರುವಿನ ಚರ್ಮವನ್ನೂ ಹೊದಿಸಿ, ಅಂಚಿಗೆ ಕಬ್ಬಿಣ ಬಡಿದಿರುತ್ತಿದ್ದರು. ಒಬ್ಬನೇ ಹಿಡಿದರೆ ಅದು ಮುಂದಿನಿಂದ ಬರುವ ಬಾಣವನ್ನು ತಡೆಯುವುದು, ಪಕ್ಕ ಬಯಲಾಗಿಯೇ ಉಳಿಯುವುದು. ಸಾಲಿನಲ್ಲಿ ನಿಂತು ಗುರಾಣಿಗೆ ಗುರಾಣಿ ತಾಗಿಸಿ ಹಿಡಿದಾಗ ಮಾತ್ರ ಗೋಡೆಯಾಗುವುದು. ಪೌಲನು ಧರಿಸಿಕೊಳ್ಳಿರಿ, ನಿಲ್ಲಿರಿ, ಪ್ರಾರ್ಥಿಸಿರಿ ಎಂದು ಇಡೀ ಸಭೆಗೆ ಬಹುವಚನದಲ್ಲಿಯೇ ಬರೆದಿದ್ದಾನೆ. ಒಬ್ಬ ವಿಶ್ವಾಸಿಯ ಮನಸ್ಸಿಗೆ ರಾತ್ರಿ ಮೂರು ಗಂಟೆಗೆ ಬಂದು ನಾಟುವ ಸೈತಾನನ ಅಗ್ನಿಬಾಣಗಳು ಯಾವುವು? ನಿನ್ನ ಪ್ರಾರ್ಥನೆಯನ್ನು ಯಾರೂ ಕೇಳುತ್ತಿಲ್ಲ, ನಿನ್ನ ಹಳೆಯ ಪಾಪ ನಿಜವಾಗಿ ಕ್ಷಮಿಸಲ್ಪಟ್ಟಿಲ್ಲ, ನೀನಿಲ್ಲದೆ ಸಭೆ ಚೆನ್ನಾಗಿಯೇ ನಡೆಯುತ್ತದೆ ಎಂಬಂಥವು. ಹಾಸಿಗೆ ಹಿಡಿದವರಿಗೂ, ಗಂಡನನ್ನು ಕಳೆದುಕೊಂಡವರಿಗೂ, ನಂಬಿಕೆಯ ನಿಮಿತ್ತ ಮನೆಯವರ ಮಾತನ್ನು ಕಳೆದುಕೊಂಡ ಯುವಕರಿಗೂ ಅಂಥ ಹೊತ್ತಿನಲ್ಲಿ ಗುರಾಣಿ ಎತ್ತುವಷ್ಟು ಶಕ್ತಿ ಕೈಯಲ್ಲಿ ಇರುವುದಿಲ್ಲ. ಆಗ ಪಕ್ಕದಲ್ಲಿ ನಿಂತವನ ಗುರಾಣಿ ಅವರನ್ನು ಮುಚ್ಚಬೇಕು. ಪೌಲನಿಗೂ ಇದು ಬೇಕಾಗಿತ್ತು. ಸಂಕೋಲೆಯಲ್ಲಿದ್ದ ಅವನು, ಬಾಯಿ ತೆರೆದು ಧೈರ್ಯವಾಗಿ ಮಾತಾಡಲು ನನಗೆ ಶಕ್ತಿ ದೊರೆಯುವಂತೆ ನನಗೋಸ್ಕರವೂ ಪ್ರಾರ್ಥಿಸಿರಿ ಎಂದು ಅವರನ್ನು ಬೇಡಿಕೊಂಡನು. ಸಂಕೋಲೆ ಕಳಚಲಿ ಎಂದು ಕೇಳಲಿಲ್ಲ.

ಎಫೆಸದವರು ನಿಂತರೇ? ನಿಂತರು. ಪ್ರಕಟನೆ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಕರ್ತನು ತಾನೇ ಅದನ್ನು ಹೇಳುತ್ತಾನೆ. ನಿನ್ನ ಪ್ರಯಾಸವನ್ನೂ ತಾಳ್ಮೆಯನ್ನೂ ಬಲ್ಲೆನು, ಸುಳ್ಳು ಅಪೊಸ್ತಲರನ್ನು ನೀನು ಪರೀಕ್ಷಿಸಿ ಕಂಡುಕೊಂಡೆ, ನನ್ನ ಹೆಸರಿನ ನಿಮಿತ್ತ ಬಾಧೆಯನ್ನು ಸಹಿಸಿಕೊಂಡು ಬೇಸರಗೊಳ್ಳಲಿಲ್ಲ ಎಂದು ಮೆಚ್ಚುತ್ತಾನೆ. ಆಮೇಲೆ ಒಂದು ತಪ್ಪು ಹೊರಿಸುತ್ತಾನೆ: ಮೊದಲು ನಿನಗಿದ್ದ ಪ್ರೀತಿಯನ್ನು ನೀನು ಬಿಟ್ಟುಬಿಟ್ಟಿದ್ದೀ. ಈ ವಚನವನ್ನು ಓದುವಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ. ಗೋಡೆ ಬಿದ್ದಿರಲಿಲ್ಲ, ಬೋಧನೆ ಕೆಟ್ಟಿರಲಿಲ್ಲ, ಒಬ್ಬನೂ ಸಾಲು ಬಿಟ್ಟು ಓಡಿರಲಿಲ್ಲ. ವೈರಿಗಳನ್ನು ಹುಡುಕಿ ಹುಡುಕಿ ಗುರುತಿಸುವುದರಲ್ಲಿ ಪಳಗಿದ ಕಣ್ಣುಗಳಿಗೆ ಅಣ್ಣತಮ್ಮಂದಿರು ಕಾಣದೆ ಹೋಗಿದ್ದರು. ಸಭೆಯನ್ನು ಸೂಚಿಸುವ ದೀಪಸ್ತಂಭವನ್ನೇ ಅದರ ಸ್ಥಳದಿಂದ ತೆಗೆದುಬಿಡುವೆನು ಎಂಬ ಎಚ್ಚರಿಕೆ ಇಷ್ಟು ದೃಢವಾಗಿ ನಿಂತಿದ್ದ ಸಭೆಗೇ ಬಂತು.

ಎಲ್ಲಿಂದ ಬಿದ್ದಿದ್ದೀಯೋ ಅದನ್ನು ನೆನಪಿಗೆ ತಂದುಕೋ, ನೀನು ಮೊದಲು ಮಾಡುತ್ತಿದ್ದ ಕೃತ್ಯಗಳನ್ನು ಮಾಡು ಎಂದು ಕರ್ತನು ಅವರಿಗೆ ಹೇಳಿದನು. ಆ ಮೊದಲಿನ ಕೃತ್ಯಗಳು ಯಾವುವೆಂದು ಊಹಿಸಬೇಕಾಗಿಲ್ಲ, ಒಂದನ್ನು ಲೂಕನು ಅಪೊಸ್ತಲರ ಕೃತ್ಯಗಳಲ್ಲಿ ಬರೆದಿಟ್ಟಿದ್ದಾನೆ. ಪೌಲನು ಯೆರೂಸಲೇಮಿಗೆ ಹೋಗುವ ದಾರಿಯಲ್ಲಿ ಮಿಲೇತದ ಬಂದರಿನಲ್ಲಿ ಇಳಿದು ಎಫೆಸದ ಸಭೆಯ ಹಿರಿಯರಿಗೆ ಹೇಳಿಕಳುಹಿಸಿದನು. ಅವರು ಅಷ್ಟು ದೂರದ ದಾರಿ ಹಿಡಿದು ಬಂದರು. ಕ್ರೂರವಾದ ತೋಳಗಳು ನಿಮ್ಮ ಮಂದೆಯೊಳಗೆ ಬರುವವೆಂದು ಅವನು ಅವರನ್ನು ಎಚ್ಚರಿಸಿದನು, ಆ ಮೇಲೆ ಮೊಣಕಾಲೂರಿ ಅವರೆಲ್ಲರ ಸಂಗಡ ಪ್ರಾರ್ಥಿಸಿದನು. ಇನ್ನು ನನ್ನ ಮುಖವನ್ನು ನೀವು ಕಾಣುವುದಿಲ್ಲ ಎಂದು ಅವನು ಹೇಳಿದ ಮಾತಿಗಾಗಿ ಅವರು ಬಹಳವಾಗಿ ದುಃಖಪಟ್ಟು, ಅತ್ತು, ಅವನ ಕೊರಳನ್ನು ತಬ್ಬಿಕೊಂಡು ಮುದ್ದಿಟ್ಟರು. ಆಮೇಲೆ ಎಲ್ಲರೂ ಕೂಡಿ ಹಡಗಿನ ತನಕ ಅವನ ಸಂಗಡ ನಡೆದುಹೋದರು.