ಯಾವ ಟೊರೊಂಟೊ?

ಕೇಳುಗರೆಲ್ಲರಿಗೂ ನಮಸ್ಕಾರ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಜನ ಎಲ್ಲೆಲ್ಲಿದ್ದಾರೆ ಎಂದರೆ ಎಲ್ಲರೂ ಥಟ್ಟನೆ ಹೇಳುವುದು, "ಅರ್ಧ ಜನ ಟೊರೊಂಟೊದಲ್ಲೇ." ಸರಿ, ಗೆರೆ ಎಲ್ಲಿ ಎಳೆದಿರಿ?

2021ರ ಜನಗಣತಿಯಲ್ಲಿ ಪ್ರಾಂತ್ಯದ ಜನಸಂಖ್ಯೆ 1 ಕೋಟಿ 42 ಲಕ್ಷ. ಅದನ್ನು 11 ಆರ್ಥಿಕ ವಲಯಗಳಾಗಿ ವಿಂಗಡಿಸಿದ್ದಾರೆ. ಈ ವಲಯಕ್ಕೆ ಮೇಯರೂ ಇಲ್ಲ, ತೆರಿಗೆಯೂ ಇಲ್ಲ. ನಮ್ಮ ಜಿಲ್ಲೆಗಳಂಥ ಜನಗಣತಿ ವಿಭಾಗಗಳನ್ನು ಲೆಕ್ಕದ ಅನುಕೂಲಕ್ಕೆ ಒಟ್ಟು ಕಟ್ಟಿದ ಕಂತೆ, ಅಷ್ಟೇ.

ಟೊರೊಂಟೊ ವಲಯವನ್ನು ಕೂಡಿಸೋಣ, ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ. ಟೊರೊಂಟೊ ನಗರ 27 ಲಕ್ಷ 94 ಸಾವಿರ. ಇನ್ನು ಸುತ್ತಲಿನ ವಿಭಾಗಗಳು: ಪೀಲ್ 14 ಲಕ್ಷ 51 ಸಾವಿರ. ಮಿಸ್ಸಿಸಾಗಾ, ಬ್ರಾಂಪ್ಟನ್‌ನಲ್ಲಿ ಕೇಳುತ್ತಿರುವವರೇ, ನೀವು ಇದರಲ್ಲಿ. ಯಾರ್ಕ್ 11 ಲಕ್ಷ 73 ಸಾವಿರ, ಡರ್ಹಮ್ 6 ಲಕ್ಷ 97 ಸಾವಿರ. ಇನ್ನು ಹಾಲ್ಟನ್. ತಡೆಯಿರಿ, ಎಡವುವುದು ಇಲ್ಲೇ.

ಹಾಲ್ಟನ್‌ನಲ್ಲಿ ನಾಲ್ಕು ಊರು: ಓಕ್‌ವಿಲ್, ಮಿಲ್ಟನ್, ಹಾಲ್ಟನ್ ಹಿಲ್ಸ್, ಬರ್ಲಿಂಗ್ಟನ್. ಮೊದಲ ಮೂರು ಟೊರೊಂಟೊ ವಲಯಕ್ಕೆ, ಬರ್ಲಿಂಗ್ಟನ್ ಮಾತ್ರ ಹ್ಯಾಮಿಲ್ಟನ್–ನಯಾಗರಾ ವಲಯಕ್ಕೆ! ಇಡೀ ಪ್ರಾಂತ್ಯದಲ್ಲಿ ಹೀಗೆ ಸೀಳಿದ ವಿಭಾಗ ಇದೊಂದೇ. ಬರ್ಲಿಂಗ್ಟನ್‌ನವರಿಗೆ ಪ್ರಾದೇಶಿಕ ಆಡಳಿತ ಓಕ್‌ವಿಲ್‌ನಲ್ಲಿ, ಉದ್ಯೋಗದ ಲೆಕ್ಕ ಹ್ಯಾಮಿಲ್ಟನ್ ಜೊತೆ. ಹಾಗಾಗಿ ಹಾಲ್ಟನ್‌ನ 5 ಲಕ್ಷ 97 ಸಾವಿರವನ್ನು ಇಡಿಯಾಗಿ ಸೇರಿಸಬೇಡಿ, 4 ಲಕ್ಷ 10 ಸಾವಿರವಷ್ಟೇ ಸೇರಿಸಿ. ಒಟ್ಟು 65 ಲಕ್ಷ 25 ಸಾವಿರ, ನೂರಕ್ಕೆ 46. ತಪ್ಪು ಹಿಡಿಯುವ ಉಪಾಯವೂ ಇದೆ. ಹನ್ನೊಂದೂ ವಲಯ ಕೂಡಿಸಿದಾಗ ಪ್ರಾಂತ್ಯದ ಮೊತ್ತಕ್ಕಿಂತ 1,86,948 ಹೆಚ್ಚು ಬಂತೇ? ಬರ್ಲಿಂಗ್ಟನ್ ಅನ್ನು ಎರಡು ಸಲ ಎಣಿಸಿದ್ದೀರಿ.

ಪತ್ರಿಕೆಗಳಲ್ಲಿ ಬರುವ 62 ಲಕ್ಷ ಇನ್ನೊಂದು ಟೊರೊಂಟೊ, ಮಹಾನಗರ ಪ್ರದೇಶದ್ದು. ಅದರಲ್ಲಿ ಡರ್ಹಮ್‌ನ ಒಷಾವಾ, ವ್ಹಿಟ್‌ಬಿ ಇಲ್ಲ. ವಲಯದ ಹೊರಗಿನ ಆರೆಂಜ್‌ವಿಲ್ ಇದೆ. ನಗರ, ಮಹಾನಗರ, ವಲಯ: ಮೂರು ಗೆರೆ, ಮೂರು ಸಂಖ್ಯೆ. ದಯವಿಟ್ಟು ಬೆರೆಸಬೇಡಿ.

ಹೊತ್ತಾಯಿತು. ಲಂಡನ್, ವಿಂಡ್ಸರ್, ಕಿಂಗ್‌ಸ್ಟನ್ ವಲಯಗಳನ್ನು ಬಿಟ್ಟು ವಾಯವ್ಯಕ್ಕೆ ಹೋಗೋಣ. ಎರಡು ಕರ್ನಾಟಕ ಇಟ್ಟರೂ ಜಾಗ ಮಿಗುವ ನೆಲ, ಜನ 2 ಲಕ್ಷ 32 ಸಾವಿರ. ನಮ್ಮ ಶಿವಮೊಗ್ಗ ಪೇಟೆಯಲ್ಲಿ ಇದಕ್ಕಿಂತ ಹೆಚ್ಚಿದ್ದಾರೆ. ಚದರ ಕಿಲೋಮೀಟರಿಗೆ ಒಬ್ಬರೂ ಇಲ್ಲ ಎಂದು ಸರಾಸರಿ ತೆಗೆದು ಕೂರಬೇಡಿ; ಅರ್ಧಕ್ಕೆ ಹತ್ತಿರ ಜನ ಥಂಡರ್ ಬೇ ನಗರವೊಂದರಲ್ಲೇ ಇದ್ದಾರೆ. ಅಲ್ಲೂ ಮೊದಲು ಕೇಳಬೇಕಾದದ್ದು ಗೆರೆ ಎಲ್ಲಿದೆ ಎಂದೇ. ನಮಸ್ಕಾರ.